ಬರೆ ತಪ್ಪಿದ ಕರು

ಓಟ್ ಹಿಟ್ಟಿಗೆ ಕಲಸಿದ ಹಸಿ ರಕ್ತ ಬಾಣಲೆಯಲ್ಲಿ ಗಟ್ಟಿಯಾಗುವಾಗ ಏಳುವ ವಾಸನೆ: ಸ್ವಲ್ಪ ಕಬ್ಬಿಣದ್ದು, ಸ್ವಲ್ಪ ಸಿಹಿ, ಸುಟ್ಟ ಕೂದಲಿನದೂ ಒಂದೆಳೆ. ಮಲಾಕಿ ಟಿಯರ್ನಿಗೆ ಆಗ ಹನ್ನೆರಡು ವರ್ಷ. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಆಲೂಗಡ್ಡೆ ಎರಡನೆಯ ವರ್ಷವೂ ನೆಲದೊಳಗೇ ಕೊಳೆತು, ಊರಿನ ನಾಯಿಗಳೆಲ್ಲ ಒಂದೊಂದಾಗಿ ಕಾಣೆಯಾಗಿದ್ದವು. ಒಂದು ದಿನ ಬೆಳಕು ಹರಿಯುವ ಮುಂಚೆ ಅಪ್ಪ ಅವನನ್ನು ಎಬ್ಬಿಸಿ ಪಕ್ಕದ ಮನೆಯ ವಿಧವೆ ಮರೇಡಳ ಹಟ್ಟಿಗೆ ಕರೆದುಕೊಂಡು ಹೋದ. ಅವಳ ಕಪ್ಪು ಹಸುವಿನ ಕೊರಳ ನರಕ್ಕೆ ಚಾಕುವಿನ ತುದಿ ತಾಗಿಸಿ, ಒಂದು ತಂಬಿಗೆಯಷ್ಟು ರಕ್ತ ಹಿಡಿದು, ಗಾಯದ ಬಾಯಿಗೆ ಗುಂಡುಸೂಜಿ ಚುಚ್ಚಿ, ಅದೇ ಹಸುವಿನ ಬಾಲದ ಕೂದಲಿನಿಂದ ಬಿಗಿದು ಕಟ್ಟಿದ. ಹಸು ಗಾಬರಿಯಾಗದಂತೆ ಅದರ ಕಿವಿಯ ಹತ್ತಿರ ಏನಾದರೂ ಗುನುಗುತ್ತಾ ನಿಲ್ಲುವುದು ಮಲಾಕಿಯ ಕೆಲಸವಾಗಿತ್ತು. ಬೆಳಕಾದ ಮೇಲೆ ಮರೇಡ್ ಎಂದಿನಂತೆ ಕೆಂಡ ಕೇಳಲು ಬಂದಳು. ಅಮ್ಮ ಲಂಗದ ಅಂಚನ್ನು ಬಾಣಲೆಯ ಮೇಲೆ ಎಳೆದುಕೊಂಡು, ಅಂಚು ಕರಕಲಾಗುತ್ತಿದ್ದರೂ ಅಲುಗಾಡದೆ ಕುಳಿತಳು. ಮನೆ ತುಂಬ ವಾಸನೆ. ಮರೇಡ್ ಆ ಕಡೆ ತಿರುಗಲಿಲ್ಲ. “ನಿಮ್ಮನೆ ಬೆಂಕಿ ಇವತ್ತು ಚೆನ್ನಾಗಿ ಹತ್ತಿದೆ” ಎಂದಳು. ಎರಡು ಕೆಂಡ ಚಿಮಟದಲ್ಲಿ ಹಿಡಿದು, ಬಾಗಿಲಲ್ಲಿ ನಿಂತಿದ್ದ ಅವನ ತಲೆ ಸವರಿ ಹೋದಳು. ಈಗಲೂ ಟೋಪಿ ತೆಗೆದಾಗ ತಲೆಯ ಮೇಲೆ ಆ ಕೈಯಗಲದ ಒಂದು ತಣ್ಣನೆಯ ಜಾಗ ಇದ್ದಂತೆ ಅವನಿಗೆ ಅನಿಸುವುದುಂಟು.

ಆ ವಾಸನೆ ಮೂರು ವಾರಗಳಿಂದ ಅವನ ಅಂಗಡಿಯೊಳಗೆ ಬಂದು ಕುಳಿತಿತ್ತು. ಮೇಯೋ ಎಲ್ಲಿ, ಟೆಕ್ಸಸ್ಸಿನ ನುಯೆಸಿಸ್ ನದಿಯ ದಂಡೆ ಎಲ್ಲಿ. ಆದರೂ ಕಾಫಿ ಬೀಜದ ಡಬ್ಬಿಯ ಮುಚ್ಚಳ ತೆಗೆದರೆ ಅದೇ, ಹತ್ತಿ ಬಟ್ಟೆಯ ಥಾನು ಬಿಚ್ಚಿದರೆ ಅದೇ. ಮಡಿಕೆಯ ಒಳಗೆ ಯಾರೋ ಬಾಣಲೆ ಬಚ್ಚಿಟ್ಟಿರಬೇಕು ಎಂದು ಒಂದು ಬೆಳಿಗ್ಗೆ ಅವನು ನಿಜಕ್ಕೂ ಥಾನುಗಳನ್ನೆಲ್ಲ ಕೆಳಗಿಳಿಸಿ ನೋಡಿದ್ದ. ಹೆಂಡತಿ ಹೊನೋರಾ ಅಡುಗೆಮನೆಯ ಬಾಗಿಲಿಂದ ನೋಡುತ್ತ ನಿಂತಿದ್ದು, ಏನು ಹುಡುಕುತ್ತಿದ್ದೀಯ ಎಂದು ಕೇಳದೆ, ತಾನೂ ಬಂದು ಥಾನುಗಳನ್ನು ಮತ್ತೆ ಮೇಲೇರಿಸಲು ಕೈ ಕೊಟ್ಟಿದ್ದಳು. ಅದು ಅವನಿಗೆ ಬೈಗುಳಕ್ಕಿಂತ ಹೆಚ್ಚು ತಾಗಿತ್ತು. ಈ ಶನಿವಾರ ಬೆಳಿಗ್ಗೆಯೂ ತಕ್ಕಡಿಯ ಮುಂದೆ ನಿಂತು ಮೊಳೆ ತೂಗುತ್ತಿದ್ದವನ ಕಣ್ಣು ತಟ್ಟೆಯ ಮೇಲಿರಲಿಲ್ಲ. ತೆರೆದ ಬಾಗಿಲಾಚೆ, ಬಾವಿಯ ಪಕ್ಕದ ನೀರಿನ ತೊಟ್ಟಿಯ ಹತ್ತಿರ ಇತ್ತು. ಬೇಸಿಗೆಯಲ್ಲಿ ಹಳ್ಳ ಬತ್ತಿದರೆ ಸುತ್ತಲಿನ ದನಗಳಿಗೆಲ್ಲ ಅದೊಂದೇ ತೊಟ್ಟಿ. ನೀರಿಗೆ ಬಂದ ಬಾಯನ್ನು ತಡೆಯಬಾರದೆಂದು ಅಂಗಡಿ ಹಾಕಿದ ವರ್ಷವೇ ಅವನು ಹೇಳಿದ್ದ. ಹೇಳಿದ್ದಕ್ಕೆ ಜನ ಅವನನ್ನು ಮೆಚ್ಚಿದ್ದರು. ಈಗ ದಿನಕ್ಕೆ ಮೂರು ಸಲ ನೆರೆಯ ಮೆಕ್ಸಿಕನ್ ಹೆಂಗಸು ದೋನ್ಯಾ ತೊಮಾಸಾಳ ಬೂದು ಹಸು ಆ ತೊಟ್ಟಿಗೆ ಬರುತ್ತಿತ್ತು. ಅದರ ತೊಡೆಯ ಮೇಲೆ ಅವಳ ಮನೆತನದ ಗುರುತಿನ ಬರೆ, ಕೀಲಿಕೈಯ ಆಕಾರ. ಹಿಂದೆಯೇ ಅದರ ಕೆಂಪು ಕರು. ಕರುವಿನ ತೊಡೆಯ ಮೇಲೆ ಕಮಾನಿನ ಕೆಳಗೊಂದು ಶಿಲುಬೆ, ಇನ್ನೂ ಸರಿಯಾಗಿ ಮಾಯದ, ಹೊಳೆಯುವ ಬರೆ. ಅದು ಮಲಾಕಿ ಟಿಯರ್ನಿಯದು. ಅಂಗಡಿಗೆ ಬರುವ ಪ್ರತಿಯೊಬ್ಬರೂ ಆ ತೊಟ್ಟಿಯನ್ನು ದಾಟಿಯೇ ಬರಬೇಕು.

ಬಾರ್ತ್ಲಿ ಕೀಗನ್ ಹಾಗೆ ದಾಟಿ ಬಂದವನೇ. ಅವನೂ ಮೇಯೋದವನು, ಒಂದೇ ಹಡಗಿನಲ್ಲಿ ಬಂದವರು. ಇಪ್ಪತ್ತು ವರ್ಷಗಳಿಂದ ದಿನಾ ಬೆಳಿಗ್ಗೆ ಅಂಗಡಿಯ ಜಗಲಿಯ ಬೆಂಚಿನ ಮೇಲೆ ಕೂತು, ಕೊಳ್ಳುವುದಕ್ಕಿಂತ ಹೆಚ್ಚು ಮಾತಾಡಿ ಹೋಗುವ ಮನುಷ್ಯ. ಮೊದಲ ವಾರ ಅವನು ಒಳಗೆ ಬಂದು, ಮೊಳಕೈ ಊರಿ, ಹೊರಗೆ ನೋಡುತ್ತಾ, “ಏನಯ್ಯಾ ಮಲಾಕಿ, ನಿನ್ನ ಕರುಗಳಿಗೆ ಊರೆಲ್ಲಾ ದಾದಿಯರು ಸಿಕ್ಕಿದಾರಲ್ಲ” ಎಂದಿದ್ದ. ಅಂಗಡಿಯಲ್ಲಿದ್ದ ಇಬ್ಬರು ನಕ್ಕಿದ್ದರು. ಮಲಾಕಿಯೂ ನಕ್ಕಿದ್ದ. ನಕ್ಕ ಮೇಲೆ ತನ್ನ ನಗು ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು ಉಳಿಯಿತು ಎಂದು ಅವನಿಗೆ ಅನ್ನಿಸಿ, ಆ ಹೆಚ್ಚಾದ ಒಂದು ಕ್ಷಣವೇ ಇಡೀ ದಿನ ಹಲ್ಲಿನ ಸಂದಿಯ ನಾರಿನಂತೆ ಕಾಡಿತ್ತು. ಎರಡನೆಯ ವಾರ ಬಾರ್ತ್ಲಿ ಆ ಮಾತೆತ್ತಲಿಲ್ಲ. ಅದು ಇನ್ನೂ ಕೆಟ್ಟದಾಗಿತ್ತು. ಬಾರ್ತ್ಲಿಯಂಥವನು ಒಂದು ತಮಾಷೆಯನ್ನು ಕೈಬಿಟ್ಟನೆಂದರೆ ಅದು ತಮಾಷೆಯ ಗಡಿ ದಾಟಿದೆ ಎಂದೇ ಅರ್ಥ.

ಆ ದಿನ ದೊಡ್ಡಿಯಲ್ಲಿ ಆದದ್ದಾದರೂ ಏನು. ಮಲಾಕಿ ಅದನ್ನು ಎಷ್ಟೋ ಸಲ ಮನಸ್ಸಿನಲ್ಲಿ ನಡೆಸಿ ನೋಡಿದ್ದ, ಪ್ರತಿ ಸಲವೂ ಅದು ಅದೇ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ವಸಂತದಲ್ಲಿ ಬಯಲ ದನಗಳನ್ನೆಲ್ಲ ಒಟ್ಟು ಹೊಡೆದು ತಂದು, ತಾಯಿಗಳನ್ನು ಬೇಲಿಯಾಚೆ ಬಿಟ್ಟು, ಕರುಗಳಿಗೆ ಬರೆ ಹಾಕುವುದು. ಯಾವ ತಾಯಿಯ ಕರು ಎಂದು ಅನುಮಾನ ಬಂದರೆ ಅದನ್ನು ಬಿಟ್ಟು ನೋಡಬೇಕು, ಅದು ಯಾವ ಕೆಚ್ಚಲಿಗೆ ಹೋಗುತ್ತದೋ ಆ ಹಸುವಿನ ಬರೆಯೇ ಕರುವಿಗೂ. ಎಲ್ಲರಿಗೂ ಗೊತ್ತಿರುವ ಕ್ರಮ. ಮುದುಕ ಎಲೂತೆರಿಯೊ, ಮಲಾಕಿಯ ದನಗಳನ್ನು ಹದಿನಾರು ವರ್ಷದಿಂದ ನೋಡಿಕೊಳ್ಳುತ್ತಿರುವವನು, ಕೆಂಪು ಕರುವಿನ ಕಾಲು ಕಟ್ಟಿ ಕೆಡವಿ, “ಇದನ್ನ ಬಿಟ್ಟು ನೋಡೋಣ ಯಜಮಾನ್ರೆ” ಎಂದ. ಧೂಳು ಕಣ್ಣಿಗೆ ಅಂಟುತ್ತಿತ್ತು. ಕಾದ ಕಬ್ಬಿಣ ಕೈಯಲ್ಲಿತ್ತು, ಬಿಟ್ಟು ನೋಡಿದರೆ ಆರುತ್ತಿತ್ತು, ಮತ್ತೆ ಕಾಯಿಸಬೇಕಾಗಿತ್ತು. ಮಲಾಕಿಗೆ ಬೇಗ ಅಂಗಡಿಗೆ ಹೋಗಬೇಕಿತ್ತು, ಸಾಮಾನಿನ ಗಾಡಿ ಬರುವುದಿತ್ತು. “ನಮ್ಮ ಕೆಂಪಿಯದೇ” ಎಂದು ಬರೆ ಇಟ್ಟ. ಕೂದಲು ಚುರುಗುಟ್ಟಿ, ಹಳದಿ ಹೊಗೆ ಎದ್ದು, ಆ ವಾಸನೆ. ಕಟ್ಟು ಬಿಚ್ಚಿದರು. ಕರು ಎದ್ದು, ತೂರಾಡಿ, ಬೇಲಿಯ ಸಂದಿಯಲ್ಲಿ ನುಗ್ಗಿ, ನೇರವಾಗಿ ಬೂದು ಹಸುವಿನ ಹೊಟ್ಟೆಯ ಕೆಳಗೆ ಹೋಗಿ ಬಾಯಿ ಹಾಕಿತು. ಬೆಂಕಿಯ ಸುತ್ತ ಏಳೆಂಟು ಜನ ಇದ್ದರು. ಎಲೂತೆರಿಯೊ ಬೆಂಕಿಯನ್ನೇ ನೋಡತೊಡಗಿದ. ತಪ್ಪು ಎಲ್ಲರಿಗೂ ಆಗುತ್ತದೆ. ಆದಾಗ ಅಲ್ಲೇ, ಬೆಂಕಿಯ ಮುಂದೆ, ತಪ್ಪಾಯಿತು ಎಂದುಬಿಡಬೇಕು, ಮುಂದಿನ ಕಬ್ಬಿಣ ಕಾಯುವುದರೊಳಗೆ. ಅಂದರೆ ಮುಗಿಯಿತು, ಯಾರಾದರೊಬ್ಬರು ಹಾಸ್ಯ ಮಾಡುತ್ತಾರೆ. ಮಲಾಕಿ ಬಾಯಿ ತೆರೆದದ್ದು ಅದಕ್ಕೇ. ಬಾಯಿಂದ ಬಂದದ್ದು “ಮುಂದಿನದು” ಎಂಬ ಮಾತು.

ಯಾಕೆ ಬಂತು. ಆ ಅರೆಕ್ಷಣದಲ್ಲಿ ಅವನಿಗೆ ಕಂಡದ್ದು ಕರುವಲ್ಲ, ಪ್ರೋಸ್ಪರೋ. ಎರಡು ವರ್ಷದ ಹಿಂದೆ ಇದೇ ಅಂಗಡಿಯ ಎದುರಿನ ದೊಡ್ಡ ಜಾಲಿ ಮರದ ಕೆಳಗೆ ಊರಿನವರು ಸೇರಿದ್ದರು. ತೊಮಾಸಾಳ ತಮ್ಮ ಪ್ರೋಸ್ಪರೋ ಟೋಪಿ ಕೈಯಲ್ಲಿ ಹಿಡಿದು ನಡುವೆ ನಿಂತಿದ್ದ. ಅವನ ಬರೆ ಇದ್ದ ಕರು ಬೇರೆಯವರ ಹಸುವಿನ ಹಾಲು ಕುಡಿಯುತ್ತಿದ್ದುದು ಕಂಡುಬಂದಿತ್ತು. “ಧೂಳಿತ್ತು, ಕಾಣಲಿಲ್ಲ” ಎಂದಷ್ಟೇ ಅವನು ಹೇಳುತ್ತಿದ್ದ. ಜನ ಆ ಕಡೆ ಈ ಕಡೆ ವಾಲುತ್ತಿದ್ದರು, ಮಲಾಕಿ ಜಗಲಿಯ ಮೇಲಿಂದ, ಸೊಂಟದ ಬೀಗದ ಕೈಗೊಂಚಲನ್ನು ಸರಿಮಾಡಿಕೊಳ್ಳುತ್ತಾ, “ಮನುಷ್ಯರ ಮಾತು ಬಿಡಿ. ಆಕಳಿಗೆ ಸುಳ್ಳು ಹೇಳೋಕೆ ಬರೋಲ್ಲ” ಎಂದಿದ್ದ. ಹೇಳಿದ ಮೇಲೆ ಆ ಮಾತಿನ ನುಣುಪು ಅವನಿಗೇ ಇಷ್ಟವಾಗಿತ್ತು. ಜನ ಒಂದೇ ಕಡೆಗೆ ವಾಲಿದ್ದರು. ಮೂರು ದಿನದೊಳಗೆ ಊರು ಬಿಡಬೇಕು ಎಂದವನೂ ಅವನೇ. ಒಂದು ದಿನ ಎಂದು ಕೂಗುತ್ತಿದ್ದವರ ನಡುವೆ ಮೂರು ಎಂದದ್ದನ್ನು ದಯೆ ಎಂದುಕೊಂಡಿದ್ದ. ಗಾಡಿ ಹೊರಟ ಬೆಳಿಗ್ಗೆ, ಪ್ರೋಸ್ಪರೋನ ಹೆಂಡತಿ ಕೋಳಿಗೂಡನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಗ, ದಾರಿಗಿರಲಿ ಎಂದು ಕಾಫಿ ಬೀಜದ ಒಂದು ಚೀಲವನ್ನೂ ತಾನೇ ಹೊತ್ತು ತಂದು ಗಾಡಿಗೆ ಏರಿಸಿದ್ದ. ಪ್ರೋಸ್ಪರೋ ಇಳಿದು ಆ ಚೀಲವನ್ನು ಎತ್ತಿ ತಂದು, ಅಂಗಡಿಯ ಮೆಟ್ಟಿಲ ಮೇಲೆ, ಒಡೆಯಬಹುದಾದ ಯಾವುದೋ ಸಾಮಾನೆಂಬಂತೆ ನಿಧಾನವಾಗಿ ಇಟ್ಟು, ಮೆಕ್ಸಿಕೋ ಗಡಿಯ ಕಡೆಗೆ ಹೊರಟುಹೋಗಿದ್ದ.

“ಮೊಳೆ ಹೆಚ್ಚಾಯ್ತು ಕಣೋ” ಎಂದ ಬಾರ್ತ್ಲಿ. ತಕ್ಕಡಿಯ ತಟ್ಟೆ ಹಲಗೆಗೆ ತಾಗಿ ಕೂತಿತ್ತು. “ನಂಗೇನೂ ಬೇಜಾರಿಲ್ಲ. ಹೀಗೇ ತೂಗ್ತಿರು, ನಾನು ಇನ್ನೊಂದು ಮನೆ ಕಟ್ತೀನಿ.”

ಮಲಾಕಿ ಒಂದು ಹಿಡಿ ಮೊಳೆ ತೆಗೆದ. ಕೈಯಿಂದ ಎರಡು ಮೂರು ಜಾರಿ ನೆಲಕ್ಕೆ ಬಿದ್ದವು. ಬಗ್ಗಿ ಆರಿಸುತ್ತಿದ್ದಾಗ ಹೊರಗಿನಿಂದ ಹಸುವಿನ ಕೂಗು ಕೇಳಿತು. ನಿನ್ನೆ ಸಂಜೆಯೂ ಅದು ಹಾಗೆಯೇ ಕೂಗಿತ್ತು, ಉದ್ದಕ್ಕೆ, ನಡುವೆ ಉಸಿರು ಕಟ್ಟಿದಂತೆ. ಅವನು ಕಿವಿ ಮುಚ್ಚಿಕೊಂಡಿದ್ದ. ಇನ್ನು ಎರಡು ಮೂರು ತಿಂಗಳು; ಕರು ಹಾಲು ಬಿಟ್ಟು ಹುಲ್ಲಿಗೆ ಬಿದ್ದರೆ, ಯಾವ ತಾಯಿಯ ಹಿಂದೆಯೂ ಹೋಗುವುದಿಲ್ಲ, ಆಗ ಅದರ ಮೇಲೆ ಬರೆ ಒಂದೇ ಸಾಕ್ಷಿ. ಏನೂ ಮಾಡಬೇಕಾಗಿಲ್ಲ, ಸುಮ್ಮನಿದ್ದರೆ ಸಾಕು, ಅದು ತಾನಾಗಿ ಅವನದಾಗುತ್ತದೆ. ಈ ಯೋಚನೆ ಅವನಿಗೆ ನಿದ್ದೆ ತರಿಸುವಂಥದಾಗಿರಬೇಕಿತ್ತು. ಆದರೆ ಅದು ಬಂದಾಗೆಲ್ಲ ಅವನು ಕೂತಲ್ಲಿಂದ ಏಳುತ್ತಿದ್ದ, ಅಂಗಡಿಯ ಉದ್ದಕ್ಕೆ ನಡೆದು, ಈಗಾಗಲೇ ಮುಚ್ಚಿದ್ದ ಡಬ್ಬಿಗಳ ಮುಚ್ಚಳಗಳನ್ನು ಒತ್ತಿ ಒತ್ತಿ ನೋಡುತ್ತಿದ್ದ.

ದೋನ್ಯಾ ತೊಮಾಸಾ ಒಳಗೆ ಬಂದದ್ದು ಆಗ. ಐವತ್ತು ದಾಟಿದ, ಗಿಡ್ಡ, ನೆಟ್ಟಗಿನ ಹೆಂಗಸು. ತಲೆಯ ಮೇಲಿನ ಕಪ್ಪು ಶಾಲನ್ನು ಬಾಗಿಲಲ್ಲೇ ಭುಜಕ್ಕೆ ಇಳಿಸಿದಳು. ಮಲಾಕಿಯ ಕೊನೆಯ ಮಗಳನ್ನು ಜ್ಞಾನಸ್ನಾನದ ದಿನ ಧರ್ಮತಾಯಿಯಾಗಿ ಎತ್ತಿಕೊಂಡು ನಿಂತವಳು ಅವಳು. ಮಗು ಆರು ತಿಂಗಳಿಗೆ ಹೋಯಿತು, ಆದರೆ ಆ ಸಂಬಂಧ ಹೋಗಲಿಲ್ಲ. ಒಂದೇ ಮಗುವಿಗೆ ಹೆತ್ತವರಾಗಿಯೂ ಎತ್ತಿಕೊಂಡವರಾಗಿಯೂ ಬೆಸೆದುಕೊಂಡವರು ಇಲ್ಲಿ ಒಬ್ಬರನ್ನೊಬ್ಬರು ಕರೆಯುವಂತೆ ಅವಳು ಅವನನ್ನು ಕೊಂಪಾದ್ರೆ ಎಂದೇ ಕರೆಯುತ್ತ ಬಂದಿದ್ದಳು. ತಮ್ಮ ಊರು ಬಿಟ್ಟ ಮೇಲೂ ಹಾಗೇ ಕರೆಯುತ್ತಿದ್ದಳು; ಸ್ವಲ್ಪ ತಡವಾಗಿ, ಆದರೂ ಕರೆಯುತ್ತಿದ್ದಳು.

“ದೋನ್ ಮಲಾಕಿ” ಎಂದಳು. “ಉಪ್ಪು ಬೇಕಿತ್ತು. ಆಮೇಲೆ, ಕೆಚ್ಚಲಿಗೆ ಹಚ್ಚೋಕೆ ಮುಲಾಮು ಏನಾದ್ರೂ ಇದೆಯಾ?”

ಮೂರು ವಾರದಿಂದ ಕೊಂಪಾದ್ರೆ ಹೋಗಿ ದೋನ್ ಮಲಾಕಿ. ಗೌರವದ ಆ ಮಾತು ಬಾಗಿಲು ಮುಚ್ಚಿದ ಹಾಗೆ ಕೇಳುತ್ತಿತ್ತು. “ಯಾಕೆ, ಏನಾಯ್ತು ಹಸುಗೆ?” ಎಂದು ಕೇಳಿದ. ಕೇಳಿದ ದನಿ ಎಷ್ಟು ಸಹಜವಾಗಿತ್ತೆಂದರೆ ಅವನಿಗೇ ಹೇಸಿಗೆಯಾಯಿತು.

“ಕೆಚ್ಚಲು ನಿನ್ನೆಯಿಂದ ಕಲ್ಲಾಗಿದೆ. ಕರು ಬಾಯಿ ಹಾಕದೆ ಹಾಲು ಇಳಿಸೋ ಹಸು ಅಲ್ಲ ಅದು. ನಾನು ಕೈ ಹಾಕಿದ್ರೆ ಒದೀತದೆ. ಕರು ಮೂಗಿಗೆ ಯಾರೋ ಹಲಗೆ ಕಟ್ಟಿದಾರೆ.”

“ಹಲಗೆ?”

“ಹಾಲು ಬಿಡಿಸೋ ಹಲಗೆ. ಮುಳ್ಳು ಮೊಳೆ ಹೊಡೆದದ್ದು. ಹತ್ರ ಹೋದ್ರೆ ಹಸುಗೆ ಚುಚ್ತದೆ, ಹಸು ಒದ್ದು ಓಡಿಸ್ತದೆ.” ತೊಮಾಸಾ ಅವನ ಮುಖ ನೋಡಲಿಲ್ಲ, ಉಪ್ಪಿನ ಚೀಲದ ಬಾಯಿ ಕಟ್ಟುತ್ತಾ ಹೇಳಿದಳು. “ಕರು ಮೇಲಿನ ಬರೆ ನಂದಲ್ಲ. ನಾನು ಮುಟ್ಟಿದ್ರೆ ಇನ್ನೊಬ್ಬರ ಕರು ಮುಟ್ಟಿದ ಹಾಗಾಗ್ತದಲ್ಲ. ಅದಕ್ಕೇ ಮುಲಾಮು ಕೇಳೋಕೆ ಬಂದೆ.”

ಬಾರ್ತ್ಲಿ ಕೀಗನ್ ತನ್ನ ಮೊಳೆಯ ಪೊಟ್ಟಣವನ್ನು ಎತ್ತಿಕೊಂಡು, ಯಾವತ್ತೂ ಇಲ್ಲದ ಮೆಲುನಡೆಯಲ್ಲಿ ಜಗಲಿಗೆ ಹೋಗಿ ಕೂತ. ಮಲಾಕಿ ಕಪಾಟಿನಿಂದ ಮುಲಾಮಿನ ಡಬ್ಬಿ ತೆಗೆದುಕೊಟ್ಟ. ಕೊಡುವಾಗ ಡಬ್ಬಿಯ ಮೇಲಿನ ಧೂಳನ್ನು ತೋಳಿಗೆ ಒರೆಸಿದ. ಅವಳು ಅದನ್ನು ಶಾಲಿನ ಅಂಚಿಗೆ ಕಟ್ಟಿಕೊಂಡು, ಅಡುಗೆಮನೆಯ ಕಡೆಗೆ ತಿರುಗಿ, “ಹೊನೋರಾ, ಮೊಣಕಾಲು ಹೇಗಿದೆ? ಆ ಸೊಪ್ಪು ಕಟ್ಟಿದ್ಯಾ?” ಎಂದು ಕೇಳಿದಳು. ಒಳಗಿನಿಂದ ಹೊನೋರಾ, “ಕಟ್ಟಿದೀನಿ ಅಕ್ಕಾ, ಪರವಾಗಿಲ್ಲ” ಎಂದಳು. ತೊಮಾಸಾ ಹೊರಟುಹೋದಳು. ಅಷ್ಟೇ. ತೊಟ್ಟಿಯ ಹತ್ತಿರ ಅವಳು ಹಸುವಿನ ಕೊರಳಿಗೆ ಹಗ್ಗ ಹಾಕಿ ಎಳೆದಳು. ಅದು ಹೆಜ್ಜೆ ಕೀಳಲಿಲ್ಲ. ಹಗ್ಗವನ್ನು ತೊಟ್ಟಿಯ ಗೂಟಕ್ಕೆ ಸುತ್ತಿಟ್ಟು, ಆಮೇಲೆ ಬಂದು ಒಯ್ದರಾಯಿತೆಂಬಂತೆ ಅದರ ಬೆನ್ನು ತಟ್ಟಿ, ಬಿಸಿಲಲ್ಲಿ ಒಬ್ಬಳೇ ನಡೆದಳು.

ಅಡುಗೆಮನೆಯ ಬಾಗಿಲಲ್ಲಿ ಹೊನೋರಾ ಕೈ ಒರೆಸುತ್ತ ನಿಂತಿದ್ದಳು. “ಹಲಗೆ ನೀನು ಕಟ್ಟಿಸಿದ್ದಾ ಮಲಾಕಿ?”

“ಇಲ್ಲ.”

“ಸರಿ” ಎಂದಳು. ನಂಬಿದಳು ಎಂಬುದು ಅವಳ ಮುಖದಲ್ಲಿ ಕಾಣುತ್ತಿತ್ತು. ನಂಬುವುದಕ್ಕೆ ಮುಂಚೆ ಅವಳಿಗೆ ಕೇಳಬೇಕಾಗಿ ಬಂತು ಎಂಬುದೂ ಕಾಣುತ್ತಿತ್ತು.

ಅವನು ಹಿಂದಿನ ಬಾಗಿಲಿಂದ ಹೊರಗೆ ನಡೆದ. ಎಲೂತೆರಿಯೊ ಚಪ್ಪರದ ನೆರಳಲ್ಲಿ ಕುದುರೆಯ ಜೀನಿನ ಪಟ್ಟಿ ಹೊಲಿಯುತ್ತ ಕೂತಿದ್ದ. ಮುದುಕನ ಕಣ್ಣು ಈಗ ಮಂಜು. ದಿನಾ ಬೆಳಿಗ್ಗೆ ಹೊನೋರಾ ಹತ್ತು ಸೂಜಿಗಳಿಗೆ ದಾರ ಪೋಣಿಸಿ ಬಟ್ಟೆಯ ತುಂಡಿಗೆ ಚುಚ್ಚಿಟ್ಟಿರುತ್ತಿದ್ದಳು. ಅವನು ಕೇಳಿದ್ದಲ್ಲ, ಅವಳು ಹೇಳಿದ್ದಲ್ಲ. ಮಲಾಕಿಯ ನೆರಳು ತನ್ನ ಕೈಮೇಲೆ ಬಿದ್ದಾಗ ಅವನು ತಲೆ ಎತ್ತಿದ.

“ತೊಮಾಸಾಳ ಹಸುವಿನ ಕರುಗೆ ಹಲಗೆ ಕಟ್ಟಿದ್ದು ಯಾರು?”

“ನಾನೇ ಯಜಮಾನ್ರೆ.”

“ಯಾರು ಹೇಳಿದ್ರು ಕಟ್ಟೋಕೆ?”

“ಯಾರೂ ಹೇಳಲಿಲ್ಲ.” ಮುದುಕ ದಾರವನ್ನು ಹಲ್ಲಿನಿಂದ ಕತ್ತರಿಸಿದ. “ಹದಿನೈದು ದಿನ ಇದ್ರೆ ಸಾಕು. ಕರು ತಾಯಿನ ಮರೀತದೆ, ತಾಯಿ ಕರುನ ಮರೀತಾಳೆ. ಆಮೇಲೆ ಆ ತೊಟ್ಟಿ ಹತ್ರ ನಿಂತ್ಕೊಂಡು ಯಾರೂ ಏನೂ ನೋಡೋಕಾಗಲ್ಲ.”

“ನಾನು ನಿನಗೆ ಹೇಳಿದ್ನಾ?”

“ನೀವು ಹೇಳಲಿಲ್ಲ. ಮೂರು ವಾರ ಏನೂ ಹೇಳಲಿಲ್ಲ. ಅದಕ್ಕೇ ನಾನೇ ಮಾಡಬೇಕಾಯ್ತು.”

ಮಲಾಕಿಗೆ ಸಿಟ್ಟು ಬರಬೇಕಿತ್ತು. ಬರಲೆಂದು ಒಂದು ಕ್ಷಣ ಕಾದ. ಈ ಮನುಷ್ಯ ಹದಿನಾರು ವರ್ಷದಲ್ಲಿ ಒಂದು ಹಗ್ಗವನ್ನೂ ಕೇಳದೆ ಮನೆಗೆ ಒಯ್ದವನಲ್ಲ. ಭಾನುವಾರ ಪಾದ್ರಿ ಬಂದಾಗ ಪಾಪ ಹೇಳಿಕೊಳ್ಳಲು ಏನೂ ಸಿಗದೆ, ಹೋದ ಸಲದ್ದನ್ನೇ ಮತ್ತೆ ಹೇಳುತ್ತೇನೆ ಎಂದು ನಗುತ್ತಿದ್ದವನು. ಅಂಥವನು ಮಂಜುಗಣ್ಣಿನಲ್ಲಿ ಕೂತು, ಹಲಗೆಗೆ ಮೊಳೆ ಹೊಡೆದು, ಮೂರು ತಿಂಗಳ ಕರುವಿನ ಮೂಗಿಗೆ ಬಿಗಿದಿದ್ದಾನೆ. ಆ ಮೊಳೆ ಅಂಗಡಿಯದೇ ಇರಬೇಕು.

“ಪ್ರೋಸ್ಪರೋ ಕರುಗೆ ಯಾಕೆ ಕಟ್ಟಲಿಲ್ಲ ನೀನು?” ಮಲಾಕಿಯ ದನಿ ಅವನಿಗೇ ಪರಕೀಯವಾಗಿ ಕೇಳಿತು. “ಅವನು ನಿನ್ನ ಸ್ನೇಹಿತ ಆಗಿದ್ನಲ್ಲ.”

ಎಲೂತೆರಿಯೊ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟ. ಅವನ ಮುಖದಲ್ಲಿ ವ್ಯಂಗ್ಯವಿರಲಿಲ್ಲ, ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಕೊಡಬೇಕೆಂಬ ಕಾಳಜಿ ಮಾತ್ರ ಇತ್ತು. “ಅವನು ನನ್ನ ಯಜಮಾನ ಅಲ್ಲವಲ್ಲ” ಎಂದ.

ಮಲಾಕಿ ಅಲ್ಲಿಂದ ಮುಂದಕ್ಕೆ ನಡೆದದ್ದು ಅವನಿಗೆ ಆಮೇಲೆ ನೆನಪಿರಲಿಲ್ಲ. ಅಂಗಡಿಯ ಪಕ್ಕದ ಗೋಡೆಯನ್ನು ಕೈಯಿಂದ ಸವರುತ್ತಾ ಬಂದಿರಬೇಕು, ಅಂಗೈ ತುಂಬ ಸುಣ್ಣವಿತ್ತು. ಕರು ತೊಟ್ಟಿಯಿಂದ ಹತ್ತು ಮಾರು ದೂರದಲ್ಲಿ ಪಾಪಾಸುಕಳ್ಳಿಯ ಪಕ್ಕ ನಿಂತಿತ್ತು. ನಡುವೆ ನಾಲ್ಕು ಸಲ ನಿಂತು, ಕೈ ಚಾಚಿ, ಅವನು ಅದನ್ನು ಸಮೀಪಿಸಿದ. ಅದು ಓಡಲಿಲ್ಲ, ಓಡಲು ಅದಕ್ಕೆ ಬೇಕಾದ ಮನಸ್ಸು ಹೋಗಿತ್ತು. ಹಲಗೆಯ ಗಂಟು ಎಲೂತೆರಿಯೊ ಹಾಕಿದ್ದು, ಬಿಡಿಸಲು ಬಾರದಷ್ಟು ಅಚ್ಚುಕಟ್ಟು. ಚಾಕುವಿನಿಂದ ಕತ್ತರಿಸಿದ. ಮೂಗಿನ ಎರಡೂ ಕಡೆ ಚರ್ಮ ಸುಲಿದು ಕೆಂಪಾಗಿತ್ತು. ಕರು ಒಂದು ಸಲ ತಲೆ ಒದರಿತು, ತನ್ನ ಮೂಗು ತನಗೆ ಮರಳಿ ಸಿಕ್ಕಿದ್ದನ್ನು ನಾಲಗೆಯಿಂದ ಪರೀಕ್ಷಿಸಿತು, ಆಮೇಲೆ ಬಾಲ ಎತ್ತಿಕೊಂಡು ಓಡಿತು. ಹಸು ಮೊದಲು ಒದೆಯಲು ಕಾಲೆತ್ತಿತು. ಹಾಗೆಯೇ ಕಾಲನ್ನು ಗಾಳಿಯಲ್ಲಿ ಹಿಡಿದು, ಮೂಸಿ, ಇಳಿಸಿತು. ಜಗಲಿಯ ಮೇಲೆ ಬಾರ್ತ್ಲಿ ಇದ್ದ, ನದಿಯಾಚೆಯಿಂದ ಬಂದ ಇಬ್ಬರು ದನಗಾಹಿಗಳಿದ್ದರು, ಹಿಟ್ಟು ಕೊಳ್ಳಲು ಬಂದ ಒಬ್ಬ ಹೆಂಗಸಿದ್ದಳು. ಎಲ್ಲರೂ ಮೇಲಿದ್ದರು, ಅವನು ಕೆಳಗೆ ಬಿಸಿಲಲ್ಲಿ, ಟೋಪಿ ಇಲ್ಲದೆ. ಅವನು ಇಷ್ಟು ವರ್ಷದಲ್ಲಿ ತನ್ನ ಜಗಲಿಯನ್ನು ಆ ಜಾಗದಿಂದ ನೋಡಿಯೇ ಇರಲಿಲ್ಲ. ಅಲ್ಲಿಂದ ನೋಡಿದರೆ ಅದು ಬಹಳ ಎತ್ತರ ಕಾಣುತ್ತದೆ.

“ಈ ಕರು ತೊಮಾಸಾದು” ಎಂದ. ಮತ್ತೆ ಹೇಳಿದ. “ತೊಮಾಸಾದು. ಬರೆ ನಾನು ಹಾಕಿದ್ದು. ಎಲೂತೆರಿಯೊ ಬಿಟ್ಟು ನೋಡೋಣ ಅಂದ, ನಾನು ಕೇಳಲಿಲ್ಲ. ತಪ್ಪಾಯ್ತು ಅಂತ ಆ ಕ್ಷಣಾನೇ ಗೊತ್ತಾಯ್ತು. ಗೊತ್ತಿದ್ದೂ ಸುಮ್ಮನಿದ್ದೆ.”

ಕರು ಹಾಲು ಎಳೆಯುವ ಸದ್ದು ಕೇಳುತ್ತಿತ್ತು. ದನಗಾಹಿಗಳಲ್ಲಿ ಒಬ್ಬ ಇನ್ನೊಬ್ಬನ ಕಡೆ ನೋಡಿದ, ಆ ನೋಟ ಏನೆಂದು ಮಲಾಕಿಗೆ ಗೊತ್ತಿತ್ತು. ಎರಡು ವರ್ಷದ ಹಿಂದೆ ಆ ಮರದ ಕೆಳಗೆ ತಾನೂ ಹಾಗೆ ನೋಡಿದ್ದ. ಸಂಜೆಯೊಳಗೆ ಈ ಮಾತು ನದಿ ದಾಟುತ್ತದೆ. ಬಾರ್ತ್ಲಿ ಬೆಂಚಿನಿಂದ ಎದ್ದು, ಬೆನ್ನು ನೆಟ್ಟಗೆ ಮಾಡಿಕೊಂಡು, ಬಾಗಿಲ ಪಕ್ಕದ ಮೊಳೆಯಿಂದ ಮಲಾಕಿಯ ಟೋಪಿ ತೆಗೆದು ಕೆಳಗೆಸೆದ.

“ತಲೆ ಮೇಲೆ ಹಾಕ್ಕೊ, ಬಿಸಿಲಿದೆ. ಅಂಗಡಿ ನಾನು ನೋಡ್ಕೋತೀನಿ, ಹೋಗಿ ಬಾ. ತಂಬಾಕು ಸ್ವಲ್ಪ ಕಮ್ಮಿಯಾಗಿದ್ರೆ ಕೇಳಬೇಡ.”

ಹಸುವಿನ ಹಗ್ಗ ಹಿಡಿದು ತೊಮಾಸಾಳ ಮನೆಗೆ ಅರ್ಧ ಮೈಲಿ. ಕರು ಹಿಂದೆಯೇ ಬಂತು. ಅವನ ಹಿಂದೆ, ಕರೆಯದಿದ್ದರೂ, ಬರೆ ಹಾಕುವ ಕಬ್ಬಿಣವನ್ನು ಹೆಗಲ ಮೇಲಿಟ್ಟುಕೊಂಡು ಎಲೂತೆರಿಯೊ ಬರುತ್ತಿದ್ದ. ಕಾಣದ ಕಣ್ಣಿಗೆ ಹಾದಿ ತಪ್ಪದಂತೆ ಕರುವಿನ ಗೊರಸಿನ ಸದ್ದನ್ನು ಹಿಡಿದು. ಅರ್ಧ ದಾರಿಯಲ್ಲಿ ಮಲಾಕಿ ನಿಂತು ಅವನಿಗಾಗಿ ಕಾದ. ಏನು ಹೇಳಬೇಕೆಂದು ಮಲಾಕಿ ದಾರಿಯುದ್ದಕ್ಕೂ ಜೋಡಿಸುತ್ತಿದ್ದ, ಜೋಡಿಸಿದ್ದು ಪ್ರತಿಯೊಂದೂ ಅಂಗಡಿಯವನ ಮಾತಿನ ಹಾಗೆ, ತೂಗಿ ಕಟ್ಟಿದ ಪೊಟ್ಟಣದ ಹಾಗೆ ಬರುತ್ತಿತ್ತು. ಹಸಿ ಇಟ್ಟಿಗೆಯ ಆ ಪುಟ್ಟ ಮನೆಯ ಅಂಗಳ ತಲುಪಿದಾಗ ಒಂದೂ ಉಳಿದಿರಲಿಲ್ಲ. ತೊಮಾಸಾ ಒಲೆಯ ಮುಂದಿನಿಂದ ಎದ್ದು ಬಂದು ಬಾಗಿಲಲ್ಲಿ ನಿಂತಳು. ಹಿಟ್ಟಿನ ಕೈ.

“ನಿಮ್ಮ ಕರು” ಎಂದ. “ತಂದಿದೀನಿ.”

“ಗೊತ್ತು ನನ್ನದು ಅಂತ.”

“ಆವತ್ತೇ ನಿಮಗೆ ಗೊತ್ತಾಗಿರಬೇಕು. ಯಾಕೆ ಕೇಳಲಿಲ್ಲ?”

“ನೀವು ಎಷ್ಟು ದಿನ ತಗೋತೀರಿ ಅಂತ ನೋಡ್ತಿದ್ದೆ ದೋನ್ ಮಲಾಕಿ.” ಅವಳು ಹಿಟ್ಟನ್ನು ಬೆರಳಿಂದ ಬೆರಳಿಗೆ ಉಜ್ಜಿ ತೆಗೆಯುತ್ತಿದ್ದಳು. “ಪ್ರೋಸ್ಪರೋಗೆ ನೀವು ಕೊಟ್ಟದ್ದು ಮೂರು ದಿನ. ನಿಮಗೆ ಇಪ್ಪತ್ತೆರಡು ಬೇಕಾಯ್ತು.”

ಕಬ್ಬಿಣವನ್ನು ಅವಳ ಒಲೆಯಲ್ಲೇ ಕಾಯಿಸಿದರು. ತಪ್ಪಿ ಹಾಕಿದ ಬರೆಯನ್ನು ರದ್ದು ಮಾಡಲು, ಹಾಕಿದವನೇ ತನ್ನ ಮುದ್ರೆಯನ್ನು ತಲೆಕೆಳಗಾಗಿ ಇನ್ನೊಮ್ಮೆ ಕರುವಿನ ಹೆಗಲ ಮೇಲೆ ಇಡಬೇಕು. ಆಮೇಲೆ ನಿಜವಾದ ಒಡೆಯರ ಮುದ್ರೆ. ಒಂದು ತಪ್ಪಿಗೆ ಕರು ಮೂರು ಸಲ ಬೇಯಬೇಕು. ಎಲೂತೆರಿಯೊ ಕೆಡವಿ ಹಿಡಿದ, ಮಲಾಕಿ ಇಟ್ಟ, ಕರು ಅರಚಿತು, ಹಸು ಕಟ್ಟಿದ ಹಗ್ಗವನ್ನು ಎಳೆದಾಡಿತು. ತೊಮಾಸಾ ತನ್ನ ಕೀಲಿಕೈ ಮುದ್ರೆಯನ್ನು ಯಾರ ಕೈಗೂ ಕೊಡದೆ ತಾನೇ ಇಟ್ಟಳು, ಒಂದೇ ಸಲ, ಹಗುರಾಗಿ, ಬೇಗ ಎತ್ತಿದಳು. ಅಂಗಡಿಯಿಂದ ತಂದಿದ್ದ ಮುಲಾಮನ್ನು ಕರುವಿನ ಎರಡೂ ಗಾಯಕ್ಕೂ ಮೂಗಿಗೂ ಹಚ್ಚಿದಳು. ಹಚ್ಚಿ ಮುಗಿದ ಮೇಲೆ ಒಳಗೆ ಹೋಗಿ, ಒಂದು ಕಾಗದ, ಶಾಯಿ ಬಾಟಲಿ, ತುದಿ ಸವೆದ ಲೇಖನಿ ತಂದು ಬಾಗಿಲ ಪಕ್ಕದ ಮಣೆಯ ಮೇಲಿಟ್ಟಳು. ಕಾಗದ ಮಡಿಸಿ ಮಡಿಸಿ ಅಂಚು ಸವೆದಿತ್ತು. ಎಷ್ಟು ದಿನದಿಂದ ತಂದಿಟ್ಟುಕೊಂಡಿದ್ದಳೋ.

“ನನಗೆ ಬರೆಯೋಕೆ ಬರೋಲ್ಲ. ಪ್ರೋಸ್ಪರೋಗೆ ಒಂದು ಕಾಗದ ಬೇಕು.”

“ಹೇಳಿ, ಬರೀತೀನಿ.”

“ನಾನ್ಯಾಕೆ ಹೇಳಲಿ. ನಿಮ್ಮ ಕಾಗದ ಅದು.”

ಮಲಾಕಿ ಮಣೆಯ ಮುಂದೆ ಮಂಡಿಯೂರಿ ಕೂತ. ಸ್ಪ್ಯಾನಿಷ್ ಮಾತು ಬರುತ್ತಿತ್ತು, ಬರೆಯುವುದು ಅಷ್ಟಕ್ಕಷ್ಟೆ. ಮೊದಲ ಸಾಲು ಬರೆದು ಹೊಡೆದು ಹಾಕಿದ. ಕಾಗದ ಒಂದೇ ಇದ್ದದ್ದು. ಹೊಡೆದದ್ದೂ ಅವನ ಕೈ ಸೇರುತ್ತದೆ, ಸೇರಲಿ. ಆಮೇಲೆ ಬರೆದ: ಧೂಳಿತ್ತು, ಕಾಣಲಿಲ್ಲ ಎಂದು ನೀನು ಹೇಳಿದ್ದೆ. ಇದ್ದಿರಬೇಕು. ನನಗೂ ಧೂಳಿತ್ತು. ನಿನಗೆ ನಿಜಕ್ಕೂ ಕಾಣದೆ ಇದ್ದಿರಬಹುದು, ನನಗೆ ಕಂಡಿತ್ತು. ಅಷ್ಟು ಬರೆದ ಮೇಲೆ ಕೈ ನಿಂತಿತು. ಆ ದಿನ ಜಗಲಿಯ ಮೇಲಿಂದ ಆಡಿದ ಆ ನುಣುಪಾದ ಮಾತನ್ನು ಬರೆಯಬೇಕು, ಬರೆದು ಅದು ನನ್ನದು ಎನ್ನಬೇಕು. ಬೆವರು ಮೂಗಿನ ತುದಿಯಿಂದ ಕಾಗದದ ಮೇಲೆ ಬಿದ್ದು ಶಾಯಿ ಹರಡಿತು. ಬರೆದ. ಬರೆದದ್ದನ್ನು ಅವಳಿಗೆ ಓದಿ ಹೇಳಿದ. ಅವಳು ಒಲೆಯ ಕಡೆ ಮುಖ ಮಾಡಿ ಕೇಳಿದಳು. ಒಂದು ಕಡೆ ಮಾತ್ರ ಅವಳ ಭುಜ ಸ್ವಲ್ಪ ಕುಸಿದಂತೆ ಕಂಡಿತು.

“ಇದನ್ನ ಕಳಿಸೋ ಮುಂಚೆ ನಾಳೆ ಆ ಜಾಲಿ ಮರದ ಕೆಳಗೆ ಓದಿ.”

“ಎಲ್ಲರ ಮುಂದೆನಾ?”

“ಆವತ್ತು ಎಲ್ಲರ ಮುಂದೇನೇ ಅಲ್ವಾ.”

“ಓದ್ತೀನಿ.” ಕಾಗದ ಮಡಿಸುತ್ತಾ ಕೇಳಿದ, “ಅವನು ಬರ್ತಾನಾ?”

“ಬರೋದು ಬಿಡೋದು ಅವನಿಷ್ಟ. ಬಂದ್ರೆ ಬೇರೆ ಏನು ಕೇಳೋದಿದ್ರೂ ಅವನನ್ನೇ ಕೇಳಿ. ನನ್ನ ಕೇಳಬೇಡಿ.”

ಮಧ್ಯಾಹ್ನವಾಗಿತ್ತು. ಮಲಾಕಿ ಏಳಲು ಹೋದ. ಮಂಡಿ ಜೋಮು ಹಿಡಿದಿತ್ತು, ಗೋಡೆಗೆ ಕೈಕೊಟ್ಟು ಅಲ್ಲೇ ಹೊಸ್ತಿಲ ಮೇಲೆ ಕೂತ. ಅಂಗಡಿಗೆ ಹೋಗಬೇಕು ಎಂಬ ಯೋಚನೆ ಬಂತು, ಬಂದು ಸುಮ್ಮನೆ ನಿಂತುಕೊಂಡಿತು, ಅವನನ್ನು ಎಬ್ಬಿಸಲಿಲ್ಲ. ಅಂಗಳದಲ್ಲಿ ಕರು ಮಲಗಿತ್ತು. ಒಳಗೆ ರೊಟ್ಟಿ ತಟ್ಟುವ ಸದ್ದು ಶುರುವಾಗಿ, ಬಹಳ ಹೊತ್ತು ನಡೆದು, ನಿಂತಿತು. ತೊಮಾಸಾ ಮೊದಲು ಎಲೂತೆರಿಯೊನನ್ನು ಹೆಸರು ಹಿಡಿದು ಕರೆದು ಒಳಗಿನ ಮೇಜಿನ ಹತ್ತಿರ ಕೂರಿಸಿ, ಹೂವಿನ ಚಿತ್ರದ ಪಿಂಗಾಣಿ ತಟ್ಟೆಯನ್ನು ಅವನ ಕೈಗೆ ತಾಗುವಂತೆ ಸರಿಸಿದಳು. ಆಮೇಲೆ ಒಂದು ತಗಡಿನ ತಟ್ಟೆಗೆ ಬೇಯಿಸಿದ ಕಾಳು ಹಾಕಿ, ಮೇಲೆ ಎರಡು ಬಿಸಿ ಮೆಕ್ಕೆಜೋಳದ ರೊಟ್ಟಿ ಮಡಿಸಿಟ್ಟು, ಬಾಗಿಲಿಗೆ ಬಂದಳು. ಹೊಸ್ತಿಲ ಮೇಲೆ ಕೂತಿದ್ದವನಿಗೆ, ಅಂಗಳದ ಕಡೆ ನೋಡುತ್ತಾ, ತಟ್ಟೆಯನ್ನು ಕೆಳಗೆ ಹಿಡಿದಳು. ಅವನ ಎರಡೂ ಕೈ ಅದನ್ನು ಗಟ್ಟಿಯಾಗಿ ಹಿಡಿದುಕೊಳ್ಳುವವರೆಗೆ ಬಿಡಲಿಲ್ಲ.